ಶನಿವಾರ ರಾತ್ರಿಯ ರೇಡಿಯೋ ಮತ್ತು ಚಾರ್ಲಿ ಪ್ರೈಡ್

ಅಮೆರಿಕದ ಡಲ್ಲಾಸ್‌ಗೆ ಬಂದ ಹೊಸದರಲ್ಲಿ ಕಂಟ್ರಿ ಸಂಗೀತ, ಅಂದರೆ ಇಲ್ಲಿನ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ, ಬಿಳಿಯರದ್ದು ಅಂತಲೇ ಜನ ಅಂದುಕೊಂಡಿದ್ದ ಸಂಗೀತದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಆಫೀಸಿಗೆ ಹೋಗಲು ಮುಕ್ಕಾಲು ಗಂಟೆ, ವಾಪಸ್ ಬರಲು ಒಂದು ಗಂಟೆ, ಅಷ್ಟು ಹೊತ್ತೂ ಕಾರಿನಲ್ಲಿ ಹಳೇ ಹಾಡುಗಳ ಒಂದು ಸ್ಟೇಷನ್ ಸುಮ್ನೆ ಓಡುತ್ತಿತ್ತು. ಅದರಲ್ಲಿ ಒಂದು ದನಿ ಮಾತ್ರ ಕಿವಿಯಲ್ಲಿ ನಿಂತುಬಿಟ್ಟಿತು. ತಗ್ಗಿನ, ಬೆಚ್ಚಗಿನ ದನಿ. ಎಲ್ಲೂ ಅವಸರ ಇಲ್ಲ. ನನ್ನಂಥ ಹೊಸಬನಿಗೂ ಪ್ರತಿ ಪದ ಬಿಡಿಬಿಡಿಯಾಗಿ ಕೇಳುತ್ತಿತ್ತು. ಹಾಡಿದವರು ಚಾರ್ಲಿ ಪ್ರೈಡ್ ಅಂತ ಗೊತ್ತಾಯಿತು. ಹ್ಯಾಟು ಹಾಕಿದ ಒಬ್ಬ ಬಿಳಿಯರನ್ನು ಮನಸ್ಸಿನಲ್ಲೇ ಕಲ್ಪಿಸಿಕೊಂಡಿದ್ದೆ. ಫೋಟೋ ನೋಡಿದ್ದು ಎಷ್ಟೋ ತಿಂಗಳ ಮೇಲೆ. ಅವರು ಕಪ್ಪು ಜನಾಂಗದವರು.

1966ರಲ್ಲಿ ಅಮೆರಿಕದ ಕೇಳುಗರಿಗೂ ಹೀಗೇ ಆಗಿತ್ತು ಅಂತ ಆಮೇಲೆ ಓದಿದೆ. ಹಾಗಾಗಲಿ ಅಂತಲೇ ರೆಕಾರ್ಡ್ ಕಂಪನಿ ಅವರ ಮೊದಲ ಹಾಡನ್ನು ಫೋಟೋ ಇಲ್ಲದೆ ರೇಡಿಯೋ ಸ್ಟೇಷನ್‌ಗಳಿಗೆ ಕಳಿಸಿತ್ತು. ಇದನ್ನು ಓದಿದ ಮೇಲೆ ಅವರ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ.

ಹುಟ್ಟಿದ್ದು 1934ರಲ್ಲಿ, ಮಿಸಿಸಿಪಿಯ ಸ್ಲೆಡ್ಜ್ ಅನ್ನೋ ಸಣ್ಣ ಊರಿನಲ್ಲಿ. ಬೇರೆಯವರ ಜಮೀನನ್ನು ಪಾಲಿಗೆ ಮಾಡುತ್ತಿದ್ದ ಮನೆ, ಹನ್ನೊಂದು ಮಕ್ಕಳು. ಅಪ್ಪ ಇಟ್ಟ ಹೆಸರು ಚಾರ್ಲ್, ಜನನ ಪತ್ರ ಬರೆದವರು ತಪ್ಪಿ ಚಾರ್ಲಿ ಅಂತ ಬರೆದರು, ಅದೇ ಉಳಿಯಿತು. ಮಕ್ಕಳೆಲ್ಲ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದರು. ಮನೆಯಲ್ಲಿ ಒಂದು ಫಿಲ್ಕೋ ರೇಡಿಯೋ ಇತ್ತು. ಅದರ ಗುಂಡಿ ತಿರುಗಿಸುವ ಹಕ್ಕು ಅಪ್ಪನದು. ಶನಿವಾರ ರಾತ್ರಿ ಆದರೆ ಅಪ್ಪ ಕಂಟ್ರಿ ಸಂಗೀತದ ತವರು ನ್ಯಾಶ್‌ವಿಲ್‌ನಿಂದ ಬರುತ್ತಿದ್ದ 'ಗ್ರ್ಯಾಂಡ್ ಓಲ್ ಓಪ್ರಿ' ಅನ್ನೋ ಹಾಡಿನ ಕಾರ್ಯಕ್ರಮ ಹಾಕುತ್ತಿದ್ದರು. ಇಡೀ ಮನೆ ಅದನ್ನೇ ಕೇಳಬೇಕು. ಹುಡುಗ ಕೇಳುತ್ತಾ ಕೇಳುತ್ತಾ ಹಾಡು ಕಲಿತ. ಹದಿನಾಲ್ಕನೇ ವಯಸ್ಸಿಗೆ ಸಿಯರ್ಸ್ ಅನ್ನೋ ಅಂಗಡಿಯಿಂದ ಒಂದು ಗಿಟಾರ್ ತರಿಸಿಕೊಂಡ.

'ಕಪ್ಪು ಹುಡುಗನಿಗೆ ಕಂಟ್ರಿ ಹಾಡು ಎಲ್ಲಿಂದ ಬಂತು?' ಅಂತ ಜೀವನವಿಡೀ ಅವರನ್ನು ಕೇಳಿದರಂತೆ. ಮನೆಯಿಂದ ಬಂತು, ಇನ್ನೆಲ್ಲಿಂದ? ನಮ್ಮ ಮನೆಗಳಲ್ಲಿ ಅಪ್ಪ ಬೆಳಗ್ಗೆ ಹಾಕಿದ ಹಾಡೇ ನಮ್ಮ ನಾಲಿಗೆ ಮೇಲೆ ಉಳಿಯುತ್ತೆ ಅಲ್ವಾ?

ಆದರೆ ಅವರಿಗೆ ಹಾಡುಗಾರ ಆಗುವ ಆಸೆ ಮೊದಲು ಇರಲಿಲ್ಲ. ಹತ್ತಿ ಹೊಲದಿಂದ ಹೊರಗೆ ಹೋಗಲು ಬೇಸ್‌ಬಾಲ್ ದಾರಿ ಅಂದುಕೊಂಡಿದ್ದರು. ಕಪ್ಪು ಆಟಗಾರರ ಲೀಗ್‌ನಲ್ಲಿ ಮೆಂಫಿಸ್ ರೆಡ್ ಸಾಕ್ಸ್ ತಂಡಕ್ಕೆ ಪಿಚರ್, ಅಂದರೆ ಚೆಂಡು ಎಸೆಯುವವರು ಆಗಿದ್ದರು. ಒಂದು ಸಲ ಅವರನ್ನೂ ಇನ್ನೊಬ್ಬ ಆಟಗಾರನನ್ನೂ ಸೇರಿಸಿ ಒಂದು ತಂಡದವರು ಇನ್ನೊಂದು ತಂಡಕ್ಕೆ ಕೊಟ್ಟುಬಿಟ್ಟರು. ಬದಲಿಗೆ ತೆಗೆದುಕೊಂಡದ್ದು ಒಂದು ಬಸ್. ಅವರು ಇದನ್ನು ನಗುತ್ತಾ ಹೇಳಿಕೊಳ್ಳುತ್ತಿದ್ದರು. ನನಗೆ ಓದುವಾಗ ನಗು ಬರಲಿಲ್ಲ.

ಎರಡು ವರ್ಷ ಸೈನ್ಯದಲ್ಲಿದ್ದು ಬಂದು, ಕೊನೆಗೆ ಹೆಂಡತಿ ರೋಝೀನ್ ಜೊತೆ ಮೊಂಟಾನಾದ ಹೆಲೆನಾ ಸೇರಿದರು. ಅಲ್ಲಿ ಲೋಹ ಕರಗಿಸುವ ಕಾರ್ಖಾನೆಯಲ್ಲಿ ಕುಲುಮೆಗೆ ಕಲ್ಲಿದ್ದಲು ತುಂಬುವ ಕೆಲಸ. ಕಾರ್ಖಾನೆ ತಂಡಕ್ಕೆ ಬೇಸ್‌ಬಾಲ್ ಆಡಿದರೆ ಪಂದ್ಯಕ್ಕೆ 10 ಡಾಲರ್. ಪಂದ್ಯ ಶುರುವಾಗುವ ಮೊದಲು ಹದಿನೈದು ನಿಮಿಷ ಹಾಡಿದರೆ ಇನ್ನೂ 10 ಡಾಲರ್. ಹಾಡು ಕೇಳೋಕೆ ಅಂತ ಜನ ಜಾಸ್ತಿ ಬರತೊಡಗಿದರು. ರಾತ್ರಿ ಬಾರ್‌ಗಳಲ್ಲಿ ಹಾಡು, ಬೆಳಗಾದರೆ ಮತ್ತೆ ಕುಲುಮೆ. ಅಷ್ಟಾದರೂ ಬೇಸ್‌ಬಾಲ್ ಆಸೆ ಬಿಡಲಿಲ್ಲ. ನ್ಯೂಯಾರ್ಕ್ ಮೆಟ್ಸ್ ತಂಡದ ಶಿಬಿರ ಫ್ಲಾರಿಡಾದಲ್ಲಿ ನಡೆಯುತ್ತಿದ್ದಾಗ ಯಾರೂ ಕರೆಯದಿದ್ದರೂ ಅಲ್ಲಿಗೇ ಹೋದರು. ತಂಡದವರು ಸೇರಿಸಿಕೊಳ್ಳಲಿಲ್ಲ. ವಾಪಸ್ ಬರುವ ದಾರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ಇಳಿದರು. ಮುಂದೆ ಜಾಕ್ ಕ್ಲೆಮೆಂಟ್ ಅನ್ನೋ ನಿರ್ಮಾಪಕರು ಅವರ ಹಾಡು ರೆಕಾರ್ಡ್ ಮಾಡಿದರು, ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಆರ್‌ಸಿಎ ಅನ್ನೋ ರೆಕಾರ್ಡ್ ಕಂಪನಿಗೆ ಸೇರಿಸಿಕೊಂಡರು.

ನಾನು ಮತ್ತೆ ಮತ್ತೆ ನೆನೆಸಿಕೊಳ್ಳುವುದು ಡೆಟ್ರಾಯ್ಟ್‌ನ ಒಂದು ರಾತ್ರಿಯನ್ನು. ಒಲಿಂಪಿಯಾ ಸ್ಟೇಡಿಯಂ, ಅವರ ಮೊದಲ ದೊಡ್ಡ ಕಾರ್ಯಕ್ರಮ, ಸುಮಾರು 10,000 ಜನ. ರೇಡಿಯೋದಲ್ಲಿ ಹಾಡು ಕೇಳಿ ಮೆಚ್ಚಿದ್ದ ಜನ ಹೆಸರು ಕೂಗಿದ ಕೂಡಲೇ ಜೋರಾಗಿ ಚಪ್ಪಾಳೆ ತಟ್ಟಿದರು. ಅವರು ವೇದಿಕೆಗೆ ಬಂದರು. ಚಪ್ಪಾಳೆ ಇಳಿಯುತ್ತಾ ಇಳಿಯುತ್ತಾ ನಿಂತೇಹೋಯಿತು. ಆ ಮೌನದಲ್ಲಿ ನಿಂತು ಅವರು ತಮ್ಮ ಬಣ್ಣದ ಬಗ್ಗೆ ತಾವೇ ಒಂದು ಮಾತಾಡಿದರು. ಬಿಸಿಲಿಗೆ ಕಪ್ಪಾಗಿ ಮತ್ತೆ ತಿಳಿಯಾಗದ ಮೈ ಹೊತ್ತು ಕಂಟ್ರಿ ಹಾಡಲು ಬಂದಿದ್ದೇನೆ ಅನ್ನೋ ಅರ್ಥದ ಮಾತು. ಜನ ನಕ್ಕರು. ಮತ್ತೆ ಚಪ್ಪಾಳೆ. ಅವರಿಗೆ ಕೊಟ್ಟಿದ್ದು ಹತ್ತೇ ನಿಮಿಷ, ಹಾಡಿದರು, ಇಳಿದರು.

ಸಂಗೀತಕ್ಕೆ ಬಣ್ಣ ಇಲ್ಲ ಅಂತ ಸುಲಭವಾಗಿ ಹೇಳುತ್ತೇವೆ. ಹಾಗಿದ್ದರೆ ಫೋಟೋ ಯಾಕೆ ಮುಚ್ಚಿಡಬೇಕಿತ್ತು? ಸಾವಿರಾರು ಜನರ ಮುಜುಗರ ಕಳೆಯುವ ಕೆಲಸವೂ ಹಾಡುವವರ ತಲೆ ಮೇಲೇ ಬಿತ್ತು. ಬೇರೆ ಯಾವ ಹಾಡುಗಾರರಿಗೂ ಆ ಹತ್ತು ನಿಮಿಷದಲ್ಲಿ ಒಂದು ನಿಮಿಷ ಇದಕ್ಕೆ ತೆಗೆದಿಡಬೇಕಾಗಿರಲಿಲ್ಲ. ಅವರನ್ನು ಎಷ್ಟು ಮೆಚ್ಚುತ್ತೇನೋ ಅಷ್ಟೇ ಇದು ನನ್ನನ್ನು ಚುಚ್ಚುತ್ತದೆ.

ಆಮೇಲಿನದು ದೊಡ್ಡ ಗೆಲುವಿನ ಕಥೆ. 1971ರಲ್ಲಿ ಬಂದ 'ಕಿಸ್ ಆನ್ ಏಂಜಲ್ ಗುಡ್ ಮಾರ್ನಿನ್' ಎಲ್ಲೆಲ್ಲೂ ಕೇಳಿಸಿತು. ಅದೇ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅವರನ್ನು ವರ್ಷದ ಕಲಾವಿದ ಅಂತ ಆರಿಸಿತು. ಜನಪ್ರಿಯ ಹಾಡುಗಳ ಪಟ್ಟಿ ಮಾಡುವ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಅವರ 29 ಹಾಡುಗಳು ಮೊದಲ ಸ್ಥಾನಕ್ಕೆ ಹೋದವು. 1976ರಲ್ಲಿ, ಬಾಂಬು ಗುಂಡುಗಳ ಭಯದಿಂದ ಹೊರಗಿನ ಕಲಾವಿದರು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಕಡೆ ತಲೆ ಹಾಕದಿದ್ದ ಕಾಲದಲ್ಲಿ, ಅಲ್ಲಿಗೆ ಹೋಗಿ ಹಾಡಿದರು. ಅಲ್ಲಿ ಕಾದಾಡುತ್ತಿದ್ದ ಪ್ರಾಟೆಸ್ಟೆಂಟರು, ಕ್ಯಾಥೊಲಿಕ್ಕರು ಇಬ್ಬರೂ ಬಂದು ಕೂತು ಕೇಳಿದರು. ಇವತ್ತಿಗೂ ಐರ್ಲೆಂಡಿನಲ್ಲಿ ಅವರ ಹೆಸರು ಹೇಳಿದರೆ ಮುಖ ಅರಳುತ್ತದಂತೆ.

ಅಪ್ಪನ ರೇಡಿಯೋದಲ್ಲಿ ಕೇಳಿದ್ದ ಆ ಓಪ್ರಿಯಲ್ಲಿ ಅವರು ಮೊದಲು ಹಾಡಿದ್ದು 1967ರಲ್ಲಿ. ಸದಸ್ಯರಾದದ್ದು 1993ರಲ್ಲಿ. 2000ರಲ್ಲಿ ಕಂಟ್ರಿ ಸಂಗೀತದ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್.

ನಾನಿರುವ ಇದೇ ಡಲ್ಲಾಸಿನಲ್ಲಿ ಅವರು ಐವತ್ತು ವರ್ಷ ಇದ್ದರು. 2020ರ ನವೆಂಬರ್‌ನಲ್ಲಿ ನ್ಯಾಶ್‌ವಿಲ್‌ಗೆ ಹೋಗಿ ಜೀವಮಾನದ ಪ್ರಶಸ್ತಿ ತೆಗೆದುಕೊಂಡು, ವೇದಿಕೆ ಮೇಲೆ ಅದೇ ಹಳೇ 'ಕಿಸ್ ಆನ್ ಏಂಜಲ್' ಹಾಡು ಹಾಡಿದರು. ಒಂದು ತಿಂಗಳ ಮೇಲೆ, ಡಿಸೆಂಬರ್ 12ರಂದು, ಕೋವಿಡ್‌ನಿಂದ ಇಲ್ಲೇ ತೀರಿಕೊಂಡರು. 86 ವಯಸ್ಸು.

ಕೇಳಬೇಕು ಅನಿಸಿದರೆ 1969ರಲ್ಲಿ ಬಂದ 'ಇನ್ ಪರ್ಸನ್' ಆಲ್ಬಮ್‌ನಿಂದ ಶುರು ಮಾಡಿ. ಇಲ್ಲೇ ಪಕ್ಕದ ಫೋರ್ಟ್ ವರ್ತ್‌ನ ಪ್ಯಾಂಥರ್ ಹಾಲ್‌ನಲ್ಲಿ, ಜನರ ಎದುರಿಗೆ ಹಾಡಿದ್ದು. ಹಾಡಿನ ಜೊತೆ ಅವರ ಮಾತು, ಜನರ ಚಪ್ಪಾಳೆ ಎಲ್ಲ ಹಾಗೇ ಇದೆ. ನಾನು ಈಗಲೂ ಆಫೀಸಿನಿಂದ ಬರುವಾಗ ಹಾಕಿಕೊಳ್ಳುತ್ತೇನೆ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಆ ಚಪ್ಪಾಳೆಯನ್ನೂ ಬಿಡದೆ ಕೇಳುತ್ತೇನೆ.