ಹಳೇ ಕಾರಿನ ಎಸಿ ಕೆಲಸ: ಕಂಟ್ರೋಲ್ ವಾಲ್ವ್ ಹೊರಗೆ ಬಂತು

ಎಸಿ ಗ್ಯಾಸನ್ನು ಒತ್ತಿ ಪಂಪ್ ಮಾಡುವ ಕಂಪ್ರೆಸರ್ ಬದಲಿಸುವ ಮಾತು ಸದ್ಯಕ್ಕಿಲ್ಲ. ಹಾಸನದೊಳಗೆ ಓಡಾಡುವಾಗ ಎಸಿ ಅಷ್ಟಾಗಿ ಬೇಕಾಗಲ್ಲ, ಹಾಗಾಗಿ ತಂಪಾಗ್ತಿಲ್ಲ ಅಂತ ಗೊತ್ತಾಗಿದ್ದೇ ಶಿರಾಡಿ ಘಾಟಿ ಇಳಿದು ನೆಲ್ಯಾಡಿಯ ಸೆಕೆಗೆ ಸಿಕ್ಕಮೇಲೆ. ಗ್ಯಾರೇಜಿನವರು ಕ್ಲಚ್ (ಕಂಪ್ರೆಸರನ್ನು ಪುಲ್ಲಿಗೆ ಜೋಡಿಸಿ ಬಿಡಿಸುವ ಭಾಗ) ಹಿಡೀತಿಲ್ಲ, ಇಡೀ ಕಂಪ್ರೆಸರ್ ಹೊಸದು ಹಾಕಿ ಅಂದರು. ಇದಕ್ಕೆ ಕ್ಲಚ್ಚೇ ಇಲ್ಲ ಮಾರಾಯ್ರೇ! ಎಸಿ ಆಫ್ ಇದ್ದರೂ ಪುಲ್ಲಿ ಜೊತೆ ಒಳಗಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ.

ಒಳಗೆ ಶಾಫ್ಟ್ ಮೇಲೆ ಓರೆಯಾಗಿ ಕೂತ ಒಂದು ತಟ್ಟೆ ಇದೆ, ಸ್ವಾಶ್ ಪ್ಲೇಟ್. ಓರೆ ಜಾಸ್ತಿಯಾದಷ್ಟೂ ಪಿಸ್ಟನ್‌ಗಳ ಓಟ ಜಾಸ್ತಿ. ನೆಟ್ಟಗಾದರೆ ಸ್ಟ್ರೋಕ್ ಹೆಚ್ಚುಕಮ್ಮಿ ಸೊನ್ನೆ. ಮಜಾ ಏನಂದ್ರೆ ಅದನ್ನು ಓರೆ ಮಾಡೋಕೆ ಮೋಟಾರು ಗೀಟಾರು ಏನೂ ಇಲ್ಲ, ಗ್ಯಾಸಿನ ಒತ್ತಡವೇ ಸಾಕು. ಕಂಟ್ರೋಲ್ ವಾಲ್ವ್ ತೆರೆದು ಹೈ ಸೈಡ್ (ಒತ್ತಿ ಹೊರಬಿಡುವ ಕಡೆಯ) ಗ್ಯಾಸನ್ನು ಸ್ವಲ್ಪ ಕ್ರ್ಯಾಂಕ್‌ಕೇಸಿಗೆ, ಅಂದರೆ ತಟ್ಟೆ ಇರುವ ಕೋಣೆಗೆ, ಬಿಟ್ಟರೆ ಪಿಸ್ಟನ್‌ಗಳ ಹಿಂದೆ ಒತ್ತಡ ಏರಿ ತಟ್ಟೆ ನೆಟ್ಟಗಾಗುತ್ತದೆ. ವಾಲ್ವ್ ಮುಚ್ಚಿದರೆ ಆ ಗ್ಯಾಸ್ ಸಣ್ಣ ತೂತಿನಿಂದ ಸಕ್ಷನ್ ಕಡೆಗೆ (ಗ್ಯಾಸ್ ಒಳಗೆಳೆಯುವ ಲೋ ಸೈಡ್) ಸರಿದು, ಒತ್ತಡ ಇಳಿದು, ತಟ್ಟೆ ಮತ್ತೆ ಓರೆಯಾಗುತ್ತದೆ. 1980ರ ದಶಕದ ಜಿಎಂ ವಿ5 ಕಂಪ್ರೆಸರ್‌ನಲ್ಲಿ ವಾಲ್ವಿನೊಳಗಿನ ಬೆಲ್ಲೋಸ್ (ಒತ್ತಡಕ್ಕೆ ಹಿಗ್ಗಿ ಕುಗ್ಗುವ ಸುಕ್ಕಿನ ಡಬ್ಬಿ) ಇದನ್ನು ಕರೆಂಟಿಲ್ಲದೆ ಮಾಡುತ್ತಿತ್ತು. ನನ್ನದರಲ್ಲಿ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ವಾಲ್ವ್ ಆಡಿಸುವ ಕಾಯಿಲ್ ಇದೆ. ಕರೆಂಟ್ ಬರದಿದ್ದರೆ ವಾಲ್ವ್ ತೆರೆದೇ ಇರುತ್ತದೆ, ತಂಪಿಲ್ಲ.

ಒತ್ತಡ ಅಳೆಯುವ ಗೇಜ್ ಹಾಕಿದೆ. ಬೆಳಿಗ್ಗೆ 20 ಡಿಗ್ರಿ, ಇಂಜಿನ್ ಆಫ್, ಎರಡೂ ಕಡೆ 68 ಪಿಎಸ್‌ಐ. ಆರ್134ಎ ಅನ್ನೋ ಎಸಿ ಗ್ಯಾಸ್ ಆ ಚಳಿಗೆ ತೋರಿಸುವುದೇ ಅಷ್ಟು. ಗ್ಯಾಸ್ ಭರ್ತಿ ಇದೆ ಅಂತಲ್ಲ, ಖಾಲಿಯಾಗಿಲ್ಲ ಅಂತ ಮಾತ್ರ. ಎಸಿ ಫುಲ್ ಇಟ್ಟರೆ ಲೋ 60, ಹೈ 95. ಎರಡರ ನಡುವೆ ಇಷ್ಟೇ ಅಂತರ ಅಂದ್ರೆ ಪಂಪೇ ಆಗ್ತಿಲ್ಲ ಅಲ್ವಾ? ಸೊಲೆನಾಯ್ಡ್ ಕಾಯಿಲ್ 10 ಓಮ್ ತೋರಿಸಿತು, ಅಂದರೆ ಕಾಯಿಲ್ ತುಂಡಾಗಿಲ್ಲ, ಕರೆಂಟೂ ಬರುತ್ತಿತ್ತು. ಹಾಗಾದರೆ ವಾಲ್ವೇ ತೆರೆದು ಕಚ್ಚಿಕೊಂಡಿರಬೇಕು.

ಎಸಿ ಅಂಗಡಿಯ ಮೆಷಿನ್‌ನಲ್ಲಿ ಗ್ಯಾಸ್ ತೆಗೆಸಿ, ಹಿಂದಿನ ಸರ್ಕ್ಲಿಪ್ ಬಿಚ್ಚಿ ವಾಲ್ವ್ ಎಳೆದೆ. ಅದರ ಜಾಲರಿ ತುಂಬಾ ಕಪ್ಪು ಗಸಿ. ಹೊಳೆಯುವ ಅಲ್ಯೂಮಿನಿಯಂ ಪುಡಿ ಸಿಕ್ಕಿದ್ದರೆ ಕಂಪ್ರೆಸರ್ ಒಳಗೇ ಸವೆದಿದೆ ಅಂತ, ಆಗ ಗ್ಯಾರೇಜಿನವರ ಮಾತೇ ಸರಿ ಅನ್ನಬೇಕಿತ್ತು. ಪುಡಿ ಇಲ್ಲ, ಆಯಿಲ್ ಕೂಡ ತಿಳಿಯಾಗಿದೆ. ತೊಳೆದು ಹಾಕಿ ನೋಡು ಅಂತ ಒಬ್ಬ ಗೆಳೆಯ ಹೇಳಿದ. ಬೇಡ, ಸುಮ್ನೆ ಎರಡು ಸಲ ಗ್ಯಾಸಿಗೆ ದುಡ್ಡು ಯಾಕೆ? ಹೊಸ ವಾಲ್ವ್ ಆರ್ಡರ್ ಮಾಡಿದ್ದೇನೆ.

ಬಂದಮೇಲೆ ಓ-ರಿಂಗ್‌ಗೆ ಪ್ಯಾಗ್ ಆಯಿಲ್ (ಎಸಿ ಕಂಪ್ರೆಸರಿನ ಆಯಿಲ್) ಸವರಿ ಕೂರಿಸಬೇಕು, ವ್ಯಾಕ್ಯೂಮ್ ಹಿಡಿಸಬೇಕು, ಗ್ಯಾಸನ್ನು ತೂಕ ಮಾಡಿ ತುಂಬಿಸಬೇಕು. ಲೋ ಸೈಡ್ 30ರ ಆಸುಪಾಸು ನಿಂತು, ಇಂಜಿನ್ ರೇಸ್ ಮಾಡಿದರೂ ಅಷ್ಟಾಗಿ ಅಲ್ಲಾಡದಿದ್ದರೆ ವಾಲ್ವ್ ಕೆಲಸ ಮಾಡ್ತಿದೆ ಅಂತ ಲೆಕ್ಕ. ಅದಕ್ಕಿಂತ ತುಂಬಾ ಇಳಿದರೆ ಇವಾಪೊರೇಟರ್ (ಕಾರೊಳಗಿನ ಗಾಳಿ ತಂಪು ಮಾಡುವ ಭಾಗ) ಮೇಲೆ ಐಸ್ ಕಟ್ಟುತ್ತದೆ.