ಕೋಬಾಲ್ಟ್ ಕ್ಲೋರೈಡ್: ಗುಲಾಬಿ ನೀಲಿಯಾಗುವುದು ಯಾಕೆ, ಪ್ರಯೋಗ ಕೆಡುವುದು ಎಲ್ಲಿ

ವಸ್ತುಗಳನ್ನು ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ, ಅಂದರೆ ಡೆಸಿಕೇಟರ್‌ನಲ್ಲಿರುವ ನೀಲಿ ಸಿಲಿಕಾ ಜೆಲ್ (ತೇವ ಹೀರುವ ಕಾಳುಗಳು) ಗುಲಾಬಿಗೆ ತಿರುಗಿತೆಂದರೆ ಅದು ಇನ್ನು ನೀರು ಹೀರದು. 110–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಒಣಗಿಸಿದರೆ ಮತ್ತೆ ನೀಲಿ. ಈ ಬಣ್ಣ ಸಿಲಿಕಾದ್ದಲ್ಲ, ಅದರೊಳಗೆ ಇಂಗಿಸಿರುವ ಒಂದಿಷ್ಟು ಕೋಬಾಲ್ಟ್ ಕ್ಲೋರೈಡ್‌ನದು.

ನೀರಿನಲ್ಲಿ ಕೋಬಾಲ್ಟ್ ಅಯಾನಿನ (ವಿದ್ಯುದಾವೇಶವಿರುವ ಪರಮಾಣುವಿನ) ಸುತ್ತ ಆರು ನೀರಿನ ಅಣುಗಳಿದ್ದರೆ ಗುಲಾಬಿ. ನಾಲ್ಕು ಕ್ಲೋರೈಡ್‌ಗಳು ಚತುರ್ಮುಖಿಯಾಗಿ, ಅಂದರೆ ನಾಲ್ಕು ಮುಖಗಳ ಪಿರಮಿಡ್ಡಿನ ಮೂಲೆಗಳಲ್ಲಿ, ನಿಂತರೆ ಕಡುನೀಲಿ. ಈ ನೀಲಿ ಅಯಾನು ಬೆಳಕನ್ನು ಹೀರುವುದು ಗುಲಾಬಿಯದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು. ಸ್ವಲ್ಪವೇ ಇದ್ದರೂ ಗುಲಾಬಿಯನ್ನು ಮುಚ್ಚಿಬಿಡುತ್ತದೆ. ಜರ್ಮನಿಯ ಸ್ಯಾಕ್ಸನಿಯ ಶ್ನೇಬರ್ಗ್ ಗಣಿಯ ಎರಿಥ್ರೈಟ್ ಎಂಬ ಕೋಬಾಲ್ಟ್ ಖನಿಜ ಗುಲಾಬಿ-ಕೆಂಪಾಗಿರುವುದಕ್ಕೂ ಅದರಲ್ಲಿ ಕೋಬಾಲ್ಟ್ ಆರು ಆಮ್ಲಜನಕಗಳ ನಡುವೆ ಇರುವುದೇ ಕಾರಣ. 1802ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ತೆನಾರ್ ರೂಪಿಸಿದ ಕೋಬಾಲ್ಟ್ ನೀಲಿ ಎಂಬ ವರ್ಣದ್ರವ್ಯದಲ್ಲಿ ಕೋಬಾಲ್ಟ್ ಸುತ್ತ ನಾಲ್ಕೇ ಆಮ್ಲಜನಕ.

ತರಗತಿಯಲ್ಲಿ ತೋರಿಸಲು 4 ಗ್ರಾಂ ಕೋಬಾಲ್ಟ್ ಕ್ಲೋರೈಡ್ ಹೆಕ್ಸಾಹೈಡ್ರೇಟನ್ನು (ಆರು ನೀರಿನ ಅಣುಗಳಿರುವ ಹರಳನ್ನು) 40 ಮಿ.ಲೀ. ನೀರಿನಲ್ಲಿ ಕರಗಿಸಿ. ಹೊಗೆ-ಆವಿಯನ್ನು ಹೊರಗೆಳೆಯುವ ಫ್ಯೂಮ್ ಕಬೋರ್ಡಿನೊಳಗೆ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲವನ್ನು ಸುಮಾರು 60 ಮಿ.ಲೀ.ವರೆಗೆ ನಿಧಾನವಾಗಿ ಸೇರಿಸಿದರೆ ದ್ರಾವಣ ನೀಲಿಯಾಗುತ್ತದೆ. ಆಮೇಲೆ ನೇರಳೆ ಬರುವಷ್ಟು ಮಾತ್ರ ನೀರು ಹಾಕಿ. ಮೂರು ಪ್ರನಾಳಗಳಿಗೆ ಹಂಚಿ, ಒಂದನ್ನು ಮಂಜುಗಡ್ಡೆಯಲ್ಲಿ, ಒಂದನ್ನು ಬಿಸಿನೀರಿನಲ್ಲಿ ಇಡಿ, ಮೂರನೆಯದು ಹೋಲಿಕೆಗೆ. ತಣ್ಣಗಿರುವುದು ಗುಲಾಬಿ, ಬಿಸಿಯದು ನೀಲಿ: ನೀಲಿಯಾಗುವ ದಿಕ್ಕಿನ ಕ್ರಿಯೆ ಶಾಖ ಹೀರುತ್ತದೆ.

ಕೆಡುವುದೆಲ್ಲ ಈ ನೇರಳೆಯ ಹಂತದಲ್ಲೇ. ನೀರು ಕಡಿಮೆಯಾದರೆ ಮಂಜಿನಲ್ಲಿಟ್ಟರೂ ನೀಲಿ ಜಗ್ಗದು. ಜಾಸ್ತಿಯಾದರೆ ಬಿಸಿ ಮಾಡಿದರೂ ಗುಲಾಬಿ ಬಿಡದು. ಕೊನೆಯ ಕೆಲವು ಮಿ.ಲೀ.ಯನ್ನು ಡ್ರಾಪರ್‌ನಲ್ಲೇ ಹಾಕಬೇಕು. ಫ್ಯೂಮ್ ಕಬೋರ್ಡ್ ಇಲ್ಲದ ಶಾಲೆಯಲ್ಲಿ ಈ ಆಮ್ಲದ ಗೊಡವೆಯೇ ಬೇಡ. ಚಿಟಿಕೆ ಹರಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕರಗಿಸಿದರೂ ನೀಲಿ ಬರುತ್ತದೆ, ನೀರಿನ ಹನಿಗಳು ಅದನ್ನು ಗುಲಾಬಿಗೆ ತಿರುಗಿಸುತ್ತವೆ. ಆದರೆ ಹತ್ತಿರ ಬೆಂಕಿ ಇರಕೂಡದು.

ಕೋಬಾಲ್ಟ್ ಕ್ಲೋರೈಡ್‌ನ ಪುಡಿ ಉಸಿರಿನೊಂದಿಗೆ ಒಳಹೋದರೆ ಕ್ಯಾನ್ಸರ್ ತರಬಲ್ಲದು, ಚರ್ಮಕ್ಕೂ ಅಲರ್ಜಿ. ಕೈಗವಸು ಹಾಕಿಯೇ ತೂಗಿ, ಹರಳನ್ನು ಅರೆಯಬೇಡಿ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯುವುದು ತಪ್ಪು. ಆಮ್ಲದ ದ್ರಾವಣವಾದರೆ ಮೊದಲು ಬಹಳ ನೀರಿಗೆ ಸುರಿದು ತೆಳುವಾಗಿಸಿ, ನೊರೆ ಉಕ್ಕದಂತೆ ವಾಷಿಂಗ್ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ನೊರೆ ನಿಂತ ಮೇಲೂ ಇನ್ನಷ್ಟು ಹಾಕಿದರೆ ಕೋಬಾಲ್ಟ್ ತಳಕ್ಕೆ ಕೂರುತ್ತದೆ. ಅದನ್ನು ಸೋಸಿ, ಹೆಸರು ಬರೆದ ಬಾಟಲಿಯಲ್ಲಿ ಹಾಕಿಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ.