ಇನ್ನೂ ಪಟ್ಟಿ ಸೇರದವರ ಪುಟ

2025 ಮಾರ್ಚ್ 14, ಶುಕ್ರವಾರ

ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಸ್ಟ್ಯಾಂಡ್‌ಬೈ, ಅಂದರೆ ಬಾರದ ಪೈಲಟ್‌ನ ಬದಲು ಹಾರಲು ಸಿದ್ಧವಾಗಿ ಕಾಯುವ ಪಾಳಿ. ಇಸ್ತ್ರಿ ಮಾಡಿದ ಸಮವಸ್ತ್ರ ಬಾಗಿಲ ಹಿಂದೆ ತೂಗುತ್ತಿದೆ, ಪೆಟ್ಟಿಗೆ ಹೊಸ್ತಿಲ ಬಳಿ ನಿಂತಿದೆ. ಸ್ನಾನಕ್ಕೆ ಹೋದರೂ ಫೋನ್ ಜೊತೆಗೇ ಬರಬೇಕು. ಕರೆ ಬಂದರೆ ತೊಂಬತ್ತು ನಿಮಿಷದೊಳಗೆ ಹಾಜರಾಗಬೇಕು. ಬಾರದಿದ್ದರೆ ಇಡೀ ದಿನ ಮನೆಯಲ್ಲಿದ್ದೂ ಮನೆಯವರಿಗೆ ಸಿಗದ ಮನುಷ್ಯ ನಾನು.

ಇವತ್ತು ಇದರ ಜೊತೆಗೆ ಇನ್ನೊಂದು ಗಡುವೂ ಇದೆ. ಹೊಸ ವೇತನ ಒಪ್ಪಂದದ ಬಗ್ಗೆ ನಮ್ಮ ಪೈಲಟ್ ಸಂಘದ ಸದಸ್ಯರು ಮತ ಹಾಕಲು ಮಧ್ಯರಾತ್ರಿಯೇ ಕೊನೆ. ಹತ್ತು ದಿನ ನಾಳೆ, ನಾಳೆ ಎಂದು ಮುಂದೂಡಿದ್ದಾಯಿತು.

ಕರಡು 86 ಪುಟ. ಎಲ್ಲರೂ ಮಾಡಿರಬಹುದಾದದ್ದನ್ನೇ ನಾನೂ ಮಾಡಿದೆ. ಮೊದಲು 9ನೇ ಪುಟದ ಕೋಷ್ಟಕ ತೆರೆದು, ನನ್ನ ಹುದ್ದೆಯೂ ಸೇವಾವಧಿಯೂ ಕೂಡುವ ಚೌಕದ ಮೇಲೆ ಬೆರಳಿಟ್ಟು ನೋಡಿದೆ. ಮೂರು ವರ್ಷಗಳಲ್ಲಿ ಶೇ. 14ರಷ್ಟು ಏರಿಕೆ. ಓದಿ ಮುಗಿಸುವ ಮೊದಲೇ ಮನಸ್ಸು ಅದನ್ನು ಖರ್ಚು ಮಾಡಲು ಶುರು ಮಾಡಿತ್ತು. 61ನೇ ಪುಟಕ್ಕೆ ಬಂದದ್ದು ನಾಲ್ಕು ದಿನಗಳ ಮೇಲೆ. ಒಪ್ಪಂದ ಜಾರಿಯಾದ ದಿನದಿಂದಾಚೆಗೆ ಸೇರುವ ಪೈಲಟ್‌ಗಳಿಗೆ ಬೇರೆಯದೇ ಕೋಷ್ಟಕ ಅನ್ವಯವಾಗುತ್ತದಂತೆ. ಅದೇ ವಿಮಾನ, ಸಹ ಪೈಲಟ್ ಕೂರುವ ಅದೇ ಬಲಗಡೆಯ ಆಸನ, ಅಷ್ಟೇ ಗಂಟೆಗಳ ಹಾರಾಟ. ಸಂಬಳ ಮಾತ್ರ ನನ್ನದಕ್ಕಿಂತ ಕಾಲುಭಾಗ ಕಡಿಮೆ.

ಸಂಘದ ಪದಾಧಿಕಾರಿಗಳು ಬರೆದ ಪತ್ರವಂತೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿದೆ. ಒಪ್ಪಿ ಎಂದೂ ಇಲ್ಲ, ಬೇಡ ಎಂದೂ ಇಲ್ಲ, ‘ಸದಸ್ಯರು ವಿವೇಚಿಸಿ’ ಎಂದಿದೆ.

ಈ ತಂತ್ರ ಹೊಸದಲ್ಲ. 1978ರಲ್ಲಿ ಅಮೆರಿಕ ತನ್ನ ವಿಮಾನಯಾನವನ್ನು ಸರ್ಕಾರದ ದರ ನಿಯಂತ್ರಣದಿಂದ ಬಿಡಿಸಿದ ಮೇಲೆ, ಯೂನಿಯನ್ನಿಲ್ಲದ ಅಗ್ಗದ ಹೊಸ ಕಂಪನಿಗಳು ಹುಟ್ಟಿಕೊಂಡವು. ಹಳೆಯ ಕಂಪನಿಗಳು ಖರ್ಚು ಕಡಿಮೆ ಮಾಡಲು ದಾರಿ ಹುಡುಕಿದವು. ಇದ್ದವರ ಸಂಬಳಕ್ಕೆ ಕೈಹಾಕಿದರೆ ಮುಷ್ಕರ ಖಚಿತ. ಇನ್ನೂ ಬಾರದವರ ಸಂಬಳಕ್ಕೆ ಕೈಹಾಕಿದರೆ ಕೂಗಲು ಯಾರಿದ್ದಾರೆ? 1983ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಹೊಸಬರಿಗೆಂದು ಕೆಳಗಿನ ವೇತನ ಶ್ರೇಣಿಯೊಂದನ್ನು ತಂದಿತು. ‘ಬಿ ಸ್ಕೇಲ್’ ಎಂದೇ ಅದಕ್ಕೆ ಹೆಸರಾಯಿತು. ಅಲ್ಲಿನ ಪೈಲಟ್ ಸಂಘ ಅದಕ್ಕೆ ಸಹಿ ಹಾಕಿತ್ತು, ಯಾರೂ ಕದ್ದು ತಂದದ್ದಲ್ಲ.

ಎರಡು ವರ್ಷಗಳ ನಂತರ ಯುನೈಟೆಡ್ ಏರ್‌ಲೈನ್ಸ್ ಕೂಡ ಅದನ್ನೇ ಕೇಳಿದಾಗ ಅಲ್ಲಿನ ಪೈಲಟ್‌ಗಳು ಒಪ್ಪಲಿಲ್ಲ. 1985ರ ಮೇ 17ರಂದು ಮುಷ್ಕರ ಶುರುವಾಯಿತು, 29 ದಿನ ನಡೆಯಿತು. ಆ ಮುಷ್ಕರದಲ್ಲಿ ನನ್ನನ್ನು ಕಾಡುವುದು 570 ಜನರ ಕಥೆ. ಕಂಪನಿಯ ಮುಖ್ಯಸ್ಥ ರಿಚರ್ಡ್ ಫೆರಿಸ್, ಮುಷ್ಕರದ ಹೊತ್ತಿಗೆ ಬೇಕಾದೀತೆಂದು ಸುಮಾರು 570 ಹೊಸ ಪೈಲಟ್‌ಗಳನ್ನು ತರಬೇತಿಗೆ ತೆಗೆದುಕೊಂಡಿದ್ದ. ಜ್ಯೇಷ್ಠತಾ ಪಟ್ಟಿಯಲ್ಲಿ ಇನ್ನೂ ಹೆಸರಿಲ್ಲ, ಕೈಯಲ್ಲಿ ಭದ್ರ ಕೆಲಸವಿಲ್ಲ, ವರ್ಷಗಟ್ಟಲೆ ಕನಸು ಕಂಡ ದೊಡ್ಡ ಕಂಪನಿಯ ಬಾಗಿಲು ಎದುರಿಗೇ ತೆರೆದಿದೆ. ಒಳಗೆ ಕಾಲಿಟ್ಟರೆ ಸಾಕು. ಬೆರಳೆಣಿಕೆಯವರನ್ನು ಬಿಟ್ಟು ಉಳಿದವರು ಕಾಲಿಡಲಿಲ್ಲ. ಹಳಬರು ಹೊಸಬರ ಸಂಬಳಕ್ಕಾಗಿ ಹೊರಗೆ ನಿಂತಿದ್ದರು, ಹೊಸಬರು ಹಳಬರ ಮುಷ್ಕರಕ್ಕಾಗಿ ಕೆಲಸವನ್ನೇ ಪಣಕ್ಕಿಟ್ಟರು. ವೇತನದ ಜಗಳ ಬಹುಮಟ್ಟಿಗೆ ಬಗೆಹರಿದ ಮೇಲೂ ಮುಷ್ಕರ ಎಳೆದದ್ದು, ಈ 570 ಜನರ ಗತಿಯೇನು, ಮುಷ್ಕರ ಮುರಿದು ಹಾರಿದವರ ಸ್ಥಾನವೇನು ಎಂಬಂಥ ಪ್ರಶ್ನೆಗಳಿಂದ. ಎರಡನೇ ಶ್ರೇಣಿ ಪೂರ್ತಿ ಹೋಗಲಿಲ್ಲ. ಆಡಳಿತ ಬಯಸಿದಷ್ಟು ಕಾಲ ಉಳಿಯಲೂ ಇಲ್ಲ. ಆ 570 ಜನ ಮಾತ್ರ ತಮ್ಮ ಸ್ಥಾನಕ್ಕಾಗಿ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಸ್ಥಾನ ಎಂದರೆ ಏನೆಂದು ಹೊರಗಿನವರಿಗೆ ವಿವರಿಸುವುದು ಕಷ್ಟ. ನಮ್ಮ ಕೆಲಸದಲ್ಲಿ ಮನುಷ್ಯನೆಂದರೆ ಒಂದು ಸಂಖ್ಯೆ. ನನ್ನದು 412. ಕಂಪನಿಗೆ ಸೇರಿದ ಕ್ರಮದಲ್ಲಿ ಹೆಸರು ಬರೆದ ಜ್ಯೇಷ್ಠತಾ ಪಟ್ಟಿಯಲ್ಲಿನ ಈ ಸಂಖ್ಯೆಯೇ ನಾನು ಯಾವ ವಿಮಾನ ಹಾರಿಸುತ್ತೇನೆ, ಯಾವ ಊರಿನಿಂದ ಹಾರುತ್ತೇನೆ, ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ, ಕ್ಯಾಪ್ಟನ್ ಕೂರುವ ಎಡಗಡೆಯ ಆಸನಕ್ಕೆ ಯಾವಾಗ ಬಡ್ತಿ ಎಂಬುದನ್ನೆಲ್ಲ ನಿರ್ಧರಿಸುತ್ತದೆ. ಜನರನ್ನು ಕೆಲಸದಿಂದ ಕೈಬಿಡುವ ಕಾಲ ಬಂದರೆ ಕೊನೆಗೆ ಬಂದವನು ಮೊದಲು ಹೊರಗೆ. ಇದನ್ನು ತಂದದ್ದು ಒಳ್ಳೆಯ ಉದ್ದೇಶಕ್ಕೇ. ಹವಾಮಾನ ಸರಿಯಿಲ್ಲ, ಹಾರುವುದಿಲ್ಲ ಎಂದವನನ್ನು ಮೇಲಧಿಕಾರಿ ಬಡ್ತಿ ತಪ್ಪಿಸಿ ಶಿಕ್ಷಿಸುವಂತಿಲ್ಲ, ತಲೆಯಾಡಿಸಿದವನನ್ನು ಮೇಲಕ್ಕೆತ್ತುವಂತಿಲ್ಲ. ಆದರೆ ಅದೇ ಸಂಖ್ಯೆ ಕಾಲಿಗೆ ಕಟ್ಟಿದ ಸರಪಳಿಯೂ ಹೌದು. ಇಪ್ಪತ್ತೈದು ವರ್ಷ ಹಾರಿದ ಕ್ಯಾಪ್ಟನ್ ಪಟ್ಟಿಯನ್ನೇ ಆಧರಿಸಿದ ಇನ್ನೊಂದು ಕಂಪನಿ ಸೇರಿದರೆ ಸಾಮಾನ್ಯವಾಗಿ ಅದರ ತಳಕ್ಕೇ ಇಳಿದು, ಬಲಗಡೆಯ ಆಸನದಲ್ಲಿ ಹೊಸದಾಗಿ ಕೂರಬೇಕು. ಇಂಜಿನಿಯರ್, ವೈದ್ಯ, ಲೆಕ್ಕಿಗ ಬೇಸರವಾದರೆ ಬೇರೆಡೆ ಹೋಗುತ್ತಾರೆ. ನಾವು ಹೋಗಲಾರೆವು. ನಮ್ಮ ಸಂಘಗಳು ಇಷ್ಟು ಹಟಮಾರಿಗಳಾಗಿರುವುದಕ್ಕೆ ದುರಾಸೆಗಿಂತ ಇದೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಹಟ ಒಳಗಡೆಗೂ ತಿರುಗುತ್ತದೆ. 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕಾ ವೆಸ್ಟ್ ಎಂಬ ವಿಮಾನ ಕಂಪನಿಗಳು ಒಂದಾದಾಗ ಎರಡು ಪಟ್ಟಿಗಳನ್ನು ಹೆಣೆಯುವ ಕೆಲಸ ಮಧ್ಯಸ್ಥಗಾರರ ಪಾಲಿಗೆ ಬಂತು. ತೀರ್ಪು ಹಿಡಿಸದ ಒಂದು ಕಡೆಯವರು, ಸಂಖ್ಯೆಯಲ್ಲಿ ತಾವೇ ಹೆಚ್ಚಿದ್ದರಿಂದ, 2008ರಲ್ಲಿ ಹಳೆಯ ಸಂಘವನ್ನೇ ಕಿತ್ತುಹಾಕಿ ಹೊಸದನ್ನು ಕಟ್ಟಿಕೊಂಡರು. ಒಂದೇ ಕಂಪನಿಯ ಪೈಲಟ್‌ಗಳು ವರ್ಷಾನುಗಟ್ಟಲೆ ಪರಸ್ಪರರ ವಿರುದ್ಧ ವ್ಯಾಜ್ಯ ನಡೆಸಿದರು. ಆಡಳಿತಕ್ಕೆ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾರು ಕೊಟ್ಟಾರು?

ಸಂಜೆ ನಾಲ್ಕಕ್ಕೆ ಫೋನ್ ಹೊಡೆದುಕೊಂಡಾಗ ಎದೆ ಹಾರಿತು. ಪಾಳಿ ಹಂಚುವ ರೋಸ್ಟರ್ ವಿಭಾಗವಲ್ಲ, ನಾನು ಬಹಳ ಸಲ ಜೊತೆಗೆ ಹಾರಿರುವ ಹಿರಿಯ ಕ್ಯಾಪ್ಟನ್. ಅವರ ಸಂಖ್ಯೆ ಎರಡಂಕಿಯದು.

“ಮತ ಹಾಕಿದೆಯಾ?”

“ಇಲ್ಲ, ಕ್ಯಾಪ್ಟನ್. ನೀವು 61ನೇ ಪುಟ ನೋಡಿದಿರಾ?”

“ನೋಡಿದೆ. ಅದು ಇನ್ನೂ ಬಾರದವರ ಪುಟ. ಒಪ್ಪಿದವರು ಬರುತ್ತಾರೆ, ಒಪ್ಪದವರು ಬರುವುದಿಲ್ಲ. ಇದ್ದವರನ್ನು ಉಳಿಸಿಕೊಳ್ಳುವುದು ಸಂಘದ ಕೆಲಸ.”

ಯುನೈಟೆಡ್ ಕಥೆ ಹೇಳಿದೆ. ಅವರು ಈಸ್ಟರ್ನ್ ಕಥೆಯನ್ನು ಎದುರಿಟ್ಟರು. 1989ರ ಮಾರ್ಚ್‌ನಲ್ಲಿ ಈಸ್ಟರ್ನ್ ಏರ್‌ಲೈನ್ಸ್‌ನ ಮೆಕ್ಯಾನಿಕ್‌ಗಳು ಮುಷ್ಕರ ಹೂಡಿದಾಗ ಪೈಲಟ್‌ಗಳೂ ಅವರ ಬೆನ್ನಿಗೆ ನಿಂತರು. ಎದುರಿಗಿದ್ದವನು ಕಂಪನಿಯ ಮುಖ್ಯಸ್ಥ ಫ್ರಾಂಕ್ ಲೊರೆಂಜೊ. 1983ರಲ್ಲಿ ಕಾಂಟಿನೆಂಟಲ್ ಕಂಪನಿಯನ್ನು ದಿವಾಳಿ ಕಾನೂನಿನ ಆಶ್ರಯಕ್ಕೆ ಒಯ್ದು, ಸಂಘಗಳ ಒಪ್ಪಂದಗಳನ್ನು ಹರಿದುಹಾಕಿ, ಕೆಲವೇ ದಿನಗಳಲ್ಲಿ ಕಡಿಮೆ ಸಂಬಳಕ್ಕೆ ಮತ್ತೆ ಹಾರಿಸಿದವನು. ಈಸ್ಟರ್ನ್ ಪೈಲಟ್‌ಗಳು ನವೆಂಬರ್‌ವರೆಗೆ ನಿಂತರು. 1991ರ ಜನವರಿ 18ಕ್ಕೆ ಈಸ್ಟರ್ನ್ ಮುಚ್ಚಿಹೋಯಿತು. “ಆ ಒಗ್ಗಟ್ಟನ್ನು ಈಗ ಯಾವ ವಿಮಾನದಲ್ಲಿ ಹಾರಿಸುತ್ತೀಯ?” ಎಂದರು. ಅದೇ 1989ರಲ್ಲಿ ಆಸ್ಟ್ರೇಲಿಯಾದ ಪೈಲಟ್‌ಗಳು ಸುಮಾರು ಶೇ. 30ರ ಏರಿಕೆ ಕೇಳಿ, ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗೆ ಮಾತ್ರ ಹಾರುತ್ತೇವೆ ಎಂದು ಕೂತದ್ದನ್ನೂ ನೆನಪಿಸಿದರು. ಪ್ರಧಾನಿ ಬಾಬ್ ಹಾಕ್ ಪ್ರಯಾಣಿಕರಿಗಾಗಿ ವಾಯುಪಡೆಯ ವಿಮಾನಗಳನ್ನು ಇಳಿಸಿದರು. 1,600ಕ್ಕೂ ಹೆಚ್ಚು ಪೈಲಟ್‌ಗಳು ಸಾಮೂಹಿಕ ರಾಜೀನಾಮೆ ಕೊಟ್ಟರು. ಅನೇಕರು ಕೆಲಸ ಹುಡುಕಿ ದೇಶವನ್ನೇ ಬಿಟ್ಟರು.

ನನ್ನ ಬಳಿ ಉತ್ತರವಿರಲಿಲ್ಲ. ಅವರು ಪುಸ್ತಕ ಓದಿ ಹೇಳಿದ್ದಲ್ಲ. ತಾವು ದುಡಿಯುತ್ತಿದ್ದ ಕಂಪನಿ ಮುಳುಗುವುದನ್ನು ಒಮ್ಮೆ ಕಣ್ಣಾರೆ ಕಂಡವರು. ಹಡ್ಸನ್ ನದಿಯಲ್ಲಿ ವಿಮಾನ ಇಳಿಸಿ 155 ಜೀವ ಉಳಿಸಿದ ಅಮೆರಿಕದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಕೂಡ, ಇಡೀ ಜಗತ್ತು ಹೊಗಳುತ್ತಿದ್ದ 2009ರ ಫೆಬ್ರವರಿಯಲ್ಲೇ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು, ತನ್ನ ಸಂಬಳ ಶೇ. 40ರಷ್ಟು ಕಡಿತವಾಗಿದೆ, ಪಿಂಚಣಿ ಯೋಜನೆ ರದ್ದಾಗಿದೆ ಎಂದು ಹೇಳಬೇಕಾಯಿತಲ್ಲ.

ಫೋನ್ ಇಟ್ಟ ಮೇಲೆ 61ನೇ ಪುಟದ ವಿರುದ್ಧ ಸಂಘದ ಗುಂಪಿನಲ್ಲಿ ಹಾಕಲು ನಾಲ್ಕು ಸಾಲು ಬರೆದೆ. ‘ಕಡಿಮೆ ಸಂಬಳ ಎಂದರೆ ಕಡಿಮೆ ಸುರಕ್ಷತೆ’ ಎಂದು ಶುರು ಮಾಡಿ, ಅಲ್ಲೇ ನಿಲ್ಲಿಸಿ ಅಳಿಸಿದೆ. ನಮ್ಮವರು ಈ ‘ಸುರಕ್ಷತೆ’ ಎಂಬ ಪದವನ್ನು ಬೇಕಾದಲ್ಲಿ ಬೇಡವಾದಲ್ಲಿ ಬಳಸಿ ಸವೆಸಿದ್ದೇವೆ. ಬೋಯಿಂಗ್ 737 ವಿಮಾನವನ್ನು ಇಬ್ಬರೇ ಹಾರಿಸುವಂತೆ ರೂಪಿಸಿದ್ದರೂ, ಅಮೆರಿಕದ ಸಂಘ ಸುರಕ್ಷತೆಯ ಹೆಸರಿನಲ್ಲಿ ಮೂರನೆಯವರು ಬೇಕೇಬೇಕೆಂದು ಪಟ್ಟುಹಿಡಿದದ್ದರಿಂದ ಯುನೈಟೆಡ್ ಅದನ್ನು ವರ್ಷಗಟ್ಟಲೆ ಮೂವರನ್ನು ಕೂರಿಸಿ ಹಾರಿಸಿತು. ಹಿಂದಿನ ಆಸನದ ಆ ಮನುಷ್ಯನಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ. ಕೊನೆಗೆ 1981ರಲ್ಲಿ ಅಧ್ಯಕ್ಷರು ನೇಮಿಸಿದ ಸಮಿತಿ ಇಬ್ಬರು ಸಾಕು ಎಂದಿತು. ಈಗ, ದೀರ್ಘ ಹಾರಾಟದ ನಡುವೆ ಕಾಕ್‌ಪಿಟ್‌ನಲ್ಲಿ ಒಬ್ಬರೇ ಇದ್ದರೆ ಸಾಲದೇ ಎಂದು ತಯಾರಕರು ಕೇಳುತ್ತಿರುವಾಗ, ನಾವು ಕೂಗುವುದು ಮತ್ತೆ ಅದೇ ಪದ. ಈ ಸಲ ಅದು ನಿಜ. ಒಬ್ಬ ಪೈಲಟ್ ಕುಸಿದುಬಿದ್ದರೆ ಪಕ್ಕದಲ್ಲಿ ಇನ್ನೊಬ್ಬ ಇರಲೇಬೇಕು. ಆದರೆ ತೋಳ ಬಂತು ಎಂದು ಮೊದಲೊಮ್ಮೆ ಕೂಗಿದವರು ನಾವೇ.

ಸಂಬಳಕ್ಕೂ ಸುರಕ್ಷತೆಗೂ ನಂಟೇ ಇಲ್ಲ ಎನ್ನಲೂ ಆಗದು. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೊ ಬಳಿ ಕೋಲ್ಗನ್ ಏರ್ ಎಂಬ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಕ್ಯಾಪ್ಟನ್ ವಿಮಾನದ ಎಚ್ಚರಿಕೆಗೆ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಎಂದು ತನಿಖೆ ಹೇಳಿತು. ಆದರೆ ವಿಚಾರಣೆಯಲ್ಲಿ ಸಹ ಪೈಲಟ್ ಆಗಿದ್ದ ಮಹಿಳೆಯ ಅಲ್ಪ ಸಂಬಳದ ವಿಷಯವೂ ಬಂತು. ಕೆಲಸದ ಊರು ನ್ಯೂಯಾರ್ಕ್ ಪಕ್ಕದ ನೆವಾರ್ಕ್, ಆಕೆ ತಂದೆತಾಯಿಯ ಜೊತೆ ಇದ್ದದ್ದು ದೇಶದ ಇನ್ನೊಂದು ಅಂಚಿನ ಸಿಯಾಟಲ್ ಬಳಿ. ಹಿಂದಿನ ರಾತ್ರಿಯೆಲ್ಲ ಬೇರೆ ವಿಮಾನಗಳಲ್ಲಿ ಕೂತು ಬಂದು ಕೆಲಸಕ್ಕೆ ಹಾಜರಾಗಿದ್ದಳು. ಸತ್ತವರ ಕುಟುಂಬಗಳು ಹೋರಾಡಿದ್ದರಿಂದ ಕಾನೂನು ಬದಲಾಯಿತು. 2013ರಿಂದ ಅಲ್ಲಿ ಸಹ ಪೈಲಟ್ ಆಗಲೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕು. ಇದರಿಂದ ಆಕಾಶ ಎಷ್ಟು ಸುರಕ್ಷಿತವಾಯಿತೆಂದು ಇಂದಿಗೂ ವಾದ ನಡೆಯುತ್ತಿದೆ. ಅರ್ಹರ ಸಂಖ್ಯೆ ಬಿಗಿಯಾಗಿ ಸಂಬಳ ಏರಲು ಅನುಕೂಲವಾಯಿತೆಂಬುದನ್ನು ಮಾತ್ರ ನಮ್ಮವರು ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಏಳಕ್ಕೆ ಆ ಹುಡುಗನ ಸಂದೇಶ ಬಂತು. ಸಿಮ್ಯುಲೇಟರ್ ಪರೀಕ್ಷೆಗೆ ನಾನು ತಯಾರು ಮಾಡಿದವನು. ಆಯ್ಕೆಯಾಗಿ ಎಂಟು ತಿಂಗಳಿಂದ ಕಾಯುತ್ತಿದ್ದಾನೆ, ತಲೆಯ ಮೇಲೆ ತರಬೇತಿಯ ಸಾಲವಿದೆ. ‘ಸರ್, ಒಪ್ಪಂದ ಆದರೆ ನಮ್ಮನ್ನು ಬೇಗ ಕರೆಯುತ್ತಾರಂತೆ, ಹೌದೇ?’ ಎಂದು ಕೇಳಿದ್ದ. ಹೌದು ಎಂದು ಬರೆದೆ. 61ನೇ ಪುಟದ ಬಗ್ಗೆಯೂ ಬರೆದೆ. ‘ಗೊತ್ತು ಸರ್, ಪರವಾಗಿಲ್ಲ’ ಎಂದು ಉತ್ತರ ಬಂತು.

ಪರವಾಗಿಲ್ಲ ಎನ್ನದೆ ಅವನು ಇನ್ನೇನು ಹೇಳಿಯಾನು? ಮತ ನನ್ನ ಕೈಯಲ್ಲಿದೆ, ಅವನ ಕೈಯಲ್ಲಲ್ಲ.

9.20ಕ್ಕೆ ‘ಬೇಡ’ ಎಂಬುದನ್ನು ಒತ್ತಿದೆ. ವೀರಾವೇಶವೇನೂ ಇರಲಿಲ್ಲ. ಒಪ್ಪುವವರೇ ಹೆಚ್ಚಿದ್ದಾರೆ, ನನ್ನ ಶೇ. 14 ಹೇಗೂ ಬರುತ್ತದೆ ಎಂಬ ಲೆಕ್ಕ ಒಳಗೆಲ್ಲೋ ಇತ್ತು. ನಷ್ಟವಿಲ್ಲದ ನಿಷ್ಠೆ ಅದು, ಒಪ್ಪಿಕೊಳ್ಳುತ್ತೇನೆ. 9.45ಕ್ಕೆ, ಸ್ಟ್ಯಾಂಡ್‌ಬೈ ಮುಗಿಯಲು ಹದಿನೈದು ನಿಮಿಷವಿರುವಾಗ, ರೋಸ್ಟರ್ ವಿಭಾಗದಿಂದ ಕರೆ ಬಂತು. ಯಾರಿಗೋ ಜ್ವರವಂತೆ. ಸಮವಸ್ತ್ರ ಹಾಕಿಕೊಂಡು ಹೊರಟೆ.

(ಮಾರ್ಚ್ 17, ಸೋಮವಾರ ಸೇರಿಸಿದ್ದು)

ಒಪ್ಪಂದ ಅಂಗೀಕಾರವಾಗಿದೆ. ಪರವಾಗಿ ಶೇ. 71. ಹುಡುಗನಿಗೆ ನೇಮಕಾತಿ ಪತ್ರ ಬಂದಿದೆ. ಸಹಿ ಹಾಕಿದ ಹಾಳೆಯ ಚಿತ್ರವನ್ನು ನನಗೇ ಮೊದಲು ಕಳುಹಿಸಿದ್ದಾನೆ. ಅಭಿನಂದನೆ ಎಂದು ಬರೆದು, ತರಬೇತಿ ಯಾವಾಗ ಶುರು ಎಂದು ವಿಚಾರಿಸಿದೆ. ಆಮೇಲೆ ಸುಮ್ಮನೆ ಕೂತು ಎಣಿಸಿದೆ. ಈ ತಂಡದಲ್ಲಿ ಮೂವತ್ತಾರು ಜನ ಬರುತ್ತಿದ್ದಾರೆ. ಕೈಬಿಡುವ ಕಾಲ ಬಂದರೆ ನನಗಿಂತ ಮೊದಲು ಹೋಗಬೇಕಾದವರು ಇನ್ನು ಮೂವತ್ತಾರು ಮಂದಿ ಹೆಚ್ಚಾದರು.